ವಿಳಾಸದಲ್ಲಿ ಊರಿನ ಹೆಸರಿದೆ, ಊರಿನ ವೋಟರ್ ಲಿಸ್ಟಲ್ಲಿ ನಾವಿಲ್ಲ

ಊರಿನ ಆಡಳಿತದ ಗಡಿ ಎಲ್ಲಿಗೆ ಮುಗಿಯುತ್ತೋ ಆ ಗೆರೆ ನನ್ನ ಕಣ್ಣಿಗೆ ಮೊದಲ ಸಲ ಬಿದ್ದಿದ್ದು ಲೈಬ್ರರಿ ಕೌಂಟರ್ ಮುಂದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಚಿಕ್ಕ ಊರಿನ ಡೌನ್‌ಟೌನ್‌ನಿಂದ ನಾಲ್ಕು ಮೈಲಿ ಆಚೆ ಮನೆ ತಗೊಂಡು ಎರಡು ವಾರ ಆಗಿತ್ತು, ಮಗಳಿಗೆ ಲೈಬ್ರರಿ ಕಾರ್ಡ್ ಮಾಡಿಸೋಣ ಅಂತ ಹೋದ್ವಿ. ಲೈಸೆನ್ಸ್ ಕೊಟ್ಟೆ, ಅದರಲ್ಲಿ ಊರಿನ ಹೆಸರೇ ಇದೆ, ಊರಿನ ಜಿಪ್ ಕೋಡೇ ಇದೆ. ಕೌಂಟರಲ್ಲಿದ್ದ ಹೆಂಗಸು ಅದನ್ನ ನೋಡಿ "ನೀವು ಸಿಟಿ ಒಳಗಿದೀರಾ, ಟೌನ್‌ಶಿಪ್ಪಲ್ಲಿದೀರಾ?" ಅಂತ ಕೇಳಿದ್ರು. ನನಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ. ಆಮೇಲೆ ಅವರೇ ಮ್ಯಾಪ್ ತೆಗೆದು ತೋರಿಸಿದ್ರು, ಊರಿನ ಗಡಿ ನಮ್ಮನೆಗೆ ಎರಡೂವರೆ ಮೈಲಿ ಮುಂಚೆನೇ ಮುಗಿದುಹೋಗಿದೆ. ನಮ್ಮ ಟೌನ್‌ಶಿಪ್ ಆ ಲೈಬ್ರರಿ ಜೊತೆ ಒಪ್ಪಂದ ಮಾಡ್ಕೊಂಡಿದೆ, ಹಾಗಾಗಿ ಕಾರ್ಡ್ ಸಿಕ್ತು. ಇನ್ನೂ ಆಚೆ ಇರೋ ಟೌನ್‌ಶಿಪ್‌ನವರಾಗಿದ್ರೆ ವರ್ಷ ವರ್ಷ ಫೀಸ್ ಕಟ್ಟಬೇಕಿತ್ತು.

ಆವತ್ತಿಂದ ಈ ಗೆರೆ ಬಗ್ಗೆ ಓದ್ತಾ, ಟೌನ್‌ಶಿಪ್ ಮೀಟಿಂಗ್‌ಗಳಿಗೆ ಹೋಗಿ ಕೂತ್ಕೊಳ್ತಾ ಬಂದಿದೀನಿ. ಡೌನ್‌ಟೌನ್‌ಗೆ ಹತ್ತಿರ, ಜಾಗ ವಿಶಾಲ, ಟ್ಯಾಕ್ಸ್ ಕಮ್ಮಿ ಅಂತ ಮನೆ ಹುಡುಕೋ ನಮ್ಮವರು ಈಗೀಗ ಜಾಸ್ತಿ ಆಗಿದಾರೆ, ಕೋವಿಡ್ ಆದಮೇಲೆ ಮನೆಯಿಂದ ಕೆಲಸ ಮಾಡೋಕೆ ಅವಕಾಶ ಸಿಕ್ಕವರಂತೂ ಇನ್ನೂ ಜಾಸ್ತಿ. ಅವರು ತಗೊಳ್ತಿರೋದು ಬರೀ ಮನೆ ಅಲ್ಲ, ಗೆರೆಯ ಒಂದು ಪಕ್ಕ. ಇದನ್ನ ಯಾರೂ ಬಿಡಿಸಿ ಹೇಳಲ್ಲ.

ಟೌನ್‌ಶಿಪ್ ಅಂದ ತಕ್ಷಣ ನಮಗೆ ನೆನಪಾಗೋದು ಫ್ಯಾಕ್ಟರಿ ಕ್ವಾರ್ಟರ್ಸ್, ಇಲ್ಲಾಂದ್ರೆ ಬಿಲ್ಡರ್ ಹಾಕಿರೋ ದೊಡ್ಡ ಲೇಔಟ್. ಇಲ್ಲಿ ಅದು ಒಂದು ಸರ್ಕಾರ. ಹುಟ್ಟಿದ್ದು ಭೂಮಿ ಅಳೆಯೋ ಸರ್ವೆ ಚೈನ್‌ನಿಂದ. 1785ರ ಲ್ಯಾಂಡ್ ಆರ್ಡಿನೆನ್ಸ್ ಪ್ರಕಾರ ಪಶ್ಚಿಮದ ಹೊಸ ಭೂಮಿನೆಲ್ಲ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆದ್ರು, ಒಂದೊಂದು ಚೌಕದಲ್ಲಿ 36 ಸೆಕ್ಷನ್, ಒಂದು ಸೆಕ್ಷನ್ ಅಂದ್ರೆ ಒಂದು ಚದರ ಮೈಲಿ, 640 ಎಕರೆ, ಅದರಲ್ಲಿ 16ನೇ ಸೆಕ್ಷನ್ ಶಾಲೆಗೆ ಮೀಸಲು. ವಿಮಾನದಲ್ಲಿ ಈ ಕಡೆ ಬರುವಾಗ ಕೆಳಗೆ ಚೌಕಾಬಾರ ಮನೆ ತರ ಹೊಲಗಳು ಕಾಣಿಸುತ್ತಲ್ಲ, ಅದು ಇದೇ. ನಮ್ಮನೆ ಮುಂದಿನ ಮಣ್ಣು ರಸ್ತೆ ಕೂಡ ಒಂದು ಸೆಕ್ಷನ್ ಗೆರೆ, ಹಳ್ಳ ಬಂದ್ರೂ ದಿಣ್ಣೆ ಬಂದ್ರೂ ತಿರುಗಲ್ಲ, ನೆಟ್ಟಗೆ ಹೋಗುತ್ತೆ. ಅಂಥ ಸರ್ವೆ ಚೌಕಗಳ ಮೇಲೆನೇ ಆಮೇಲೆ ಚುನಾಯಿತ ಬೋರ್ಡ್ ಇರೋ ಟೌನ್‌ಶಿಪ್‌ಗಳು ಬಂದ್ವು. ದೇಶದ 20 ರಾಜ್ಯಗಳಲ್ಲಿ ಟೌನ್‌ಶಿಪ್ ಅಥವಾ ಟೌನ್ ಅನ್ನೋ ಹೆಸರಲ್ಲಿ ಈ ತರದ ಸರ್ಕಾರಗಳಿವೆ, ಒಟ್ಟು 16,000ಕ್ಕೂ ಜಾಸ್ತಿ. ಹೆಸರು ಒಂದೇ ಆದ್ರೂ ಅಧಿಕಾರ ಒಂದೊಂದು ರಾಜ್ಯದಲ್ಲಿ ಒಂದೊಂದು ತರ.

ಮಿಷಿಗನ್ ಒಂದರಲ್ಲೇ 1,240 ಟೌನ್‌ಶಿಪ್ ಇವೆ, ರಾಜ್ಯದ ಅರ್ಧಕ್ಕಿಂತ ಜಾಸ್ತಿ ಜನ ಇರೋದು ಅವುಗಳಲ್ಲೇ. ಎಲ್ಲವೂ ಹಳ್ಳಿ ಅಂತಲ್ಲ, ಡೆಟ್ರಾಯ್ಟ್ ಪಕ್ಕದ ಕ್ಲಿಂಟನ್ ಟೌನ್‌ಶಿಪ್‌ನಲ್ಲಿ ಒಂದು ಲಕ್ಷ ಜನ ಇದಾರೆ. ಆದ್ರೆ ನಮ್ಮಂಥ ಟೌನ್‌ಶಿಪ್ ಅಂದ್ರೆ ಸೂಪರ್‌ವೈಸರ್, ಕ್ಲರ್ಕ್, ಟ್ರೆಷರರ್, ಇಬ್ಬರು ಟ್ರಸ್ಟಿಗಳು, ಒಂದು ಹಾಲ್, ಹಾಲ್ ಹಿಂದೆ ಸ್ಮಶಾನ. ಟ್ರೆಷರರ್ ವಾರಕ್ಕೆ ಎರಡು ದಿನ ಆಫೀಸಲ್ಲಿ ಸಿಗ್ತಾರೆ, ಉಳಿದ ದಿನ ಅವರ ಹೊಲದ ಕೆಲಸ. ಊರು ಇದೇ ಚೌಕದೊಳಗೆ ಬೆಳೆದು, ಸಿಟಿ ಆಗಿ, ಟೌನ್‌ಶಿಪ್‌ನಿಂದ ಬೇರೆ ಆಯ್ತು, ಹೋಳಿಗೆ ಮಧ್ಯದ ಹೂರಣ ಮಾತ್ರ ಕಿತ್ಕೊಂಡ ಹಾಗೆ. ಇಲ್ಲೊಂದು ಸೂಕ್ಷ್ಮ ಇದೆ: ಮಿಷಿಗನ್‌ನಲ್ಲಿ ವಿಲೇಜ್ ಅನ್ನೋದು ಟೌನ್‌ಶಿಪ್ ಒಳಗೇ ಇರುತ್ತೆ, ಅಲ್ಲಿನವರು ಎರಡಕ್ಕೂ ಟ್ಯಾಕ್ಸ್ ಕಟ್ತಾರೆ, ಎರಡಕ್ಕೂ ವೋಟ್ ಹಾಕ್ತಾರೆ. ಸಿಟಿ ಆದ್ರೆ ಪೂರ್ತಿ ಹೊರಗೆ.

ಮತ್ತೆ ವಿಳಾಸದಲ್ಲಿ ಊರಿನ ಹೆಸರು ಯಾಕೆ? ಅದು ಅಂಚೆಯವರ ಅನುಕೂಲಕ್ಕೆ, ಅಷ್ಟೇ. 1896ರಲ್ಲಿ ರೂರಲ್ ಫ್ರೀ ಡೆಲಿವರಿ ಶುರುವಾಗೋವರೆಗೂ ರೈತರು ಕಾಗದ ತಗೊಳೋಕೆ ಊರಿಗೇ ಹೋಗಬೇಕಿತ್ತು, ಆಮೇಲೆ ಊರಿನ ಪೋಸ್ಟ್ ಆಫೀಸಿಂದ ಹೊರಟ ಗಾಡಿ ಎಲ್ಲೆಲ್ಲಿ ಸುತ್ತುತ್ತೋ ಅಲ್ಲೆಲ್ಲ ಆ ಊರಿನ ಹೆಸರು ಅಂಟ್ಕೊಳ್ತು, 1963ರಲ್ಲಿ ಬಂದ ಜಿಪ್ ಕೋಡೂ ಅಂಚೆ ದಾರಿನೇ ಹಿಡಿದು ಹೋಯ್ತು ಹೊರತು ಆಡಳಿತದ ಗಡಿನ ಹಿಡಿಲಿಲ್ಲ. ಮನೆ ಮಾರೋ ಜಾಹೀರಾತಲ್ಲಿ ಅದೇ ಹೆಸರು ಬರುತ್ತೆ. ಹಾಗಾಗಿ ನಮ್ಮಂಥವರು ಊರಿನವರೇ ಅನ್ಕೊಂಡು ಬಂದು ಸೇರ್ಕೊಳ್ತೀವಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ, ಎಲ್ಲರೂ ಮೊದಲು ನೋಡೋದು ಅದನ್ನೇ. ಇಲ್ಲಿ ಆಸ್ತಿ ತೆರಿಗೆನ ಮಿಲ್ ಲೆಕ್ಕದಲ್ಲಿ ಹಾಕ್ತಾರೆ, ಟ್ಯಾಕ್ಸಬಲ್ ವ್ಯಾಲ್ಯೂನ (ತೆರಿಗೆಗೆ ಲೆಕ್ಕ ಹಿಡಿಯೋ ಬೆಲೆ) ಪ್ರತಿ ಸಾವಿರ ಡಾಲರ್‌ಗೆ ಒಂದು ಡಾಲರ್ ಅಂದ್ರೆ ಒಂದು ಮಿಲ್. ಮಿಷಿಗನ್‌ನಲ್ಲಿ ಅಸೆಸ್‌ಮೆಂಟ್ ಮಾರುಕಟ್ಟೆ ಬೆಲೆಯ ಅರ್ಧ, ಅಂದ್ರೆ 2,40,000 ಡಾಲರ್ ಮನೆ ಹೊಸದಾಗಿ ತಗೊಂಡವರಿಗೆ ಹತ್ತಿರ ಹತ್ತಿರ 1,20,000 ಮೇಲೆ ತೆರಿಗೆ, ಒಂದು ಮಿಲ್‌ಗೆ 120 ಡಾಲರ್. ಸ್ಕೂಲು, ಕೌಂಟಿ (ನಮ್ಮ ಜಿಲ್ಲೆ ತರ), ರಾಜ್ಯದ 6 ಮಿಲ್ ಶಿಕ್ಷಣ ತೆರಿಗೆ, ಇದೆಲ್ಲ ಗೆರೆಯ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಬರೋದು ಸ್ಥಳೀಯ ಭಾಗದಲ್ಲಿ. ಸಿಟಿ ತನ್ನ ಖರ್ಚಿಗೆ ಕಾನೂನು ಪ್ರಕಾರ 20 ಮಿಲ್‌ವರೆಗೂ ಹಾಕಬಹುದು, ಸಾಮಾನ್ಯ ಟೌನ್‌ಶಿಪ್‌ಗೆ ಸಿಗೋದು ಸುಮಾರು ಒಂದು ಮಿಲ್, ಅದಕ್ಕಿಂತ ಜಾಸ್ತಿ ಬೇಕಂದ್ರೆ ಜನರ ವೋಟ್ ಕೇಳಬೇಕು. ಉದಾಹರಣೆಗೆ ಸಿಟಿಯಲ್ಲಿ 15, ಟೌನ್‌ಶಿಪ್‌ನಲ್ಲಿ ಫೈರ್ ಮಿಲೇಜ್ (ಅಗ್ನಿಶಾಮಕಕ್ಕೆ ಅಂತ ಹಾಕೋ ಮಿಲ್ ತೆರಿಗೆ) ಎಲ್ಲ ಸೇರಿ 3 ಅಂತಿಟ್ಕೊಳ್ಳಿ, ಒಂದೇ ಬೆಲೆಯ ಮನೆಗೆ ಅಲ್ಲಿ 1,800 ಡಾಲರ್, ಇಲ್ಲಿ 360. ವರ್ಷಕ್ಕೆ 1,440 ಡಾಲರ್ ಉಳೀತು ಅಂತ ಖುಷಿ ಪಡ್ತೀವಿ. (ಇಲ್ಲೇ ಒಂದು ಮಾತು, ಹಳೇ ಮಾಲೀಕರ ಟ್ಯಾಕ್ಸ್ ಬಿಲ್ ನೋಡಿ ಲೆಕ್ಕ ಹಾಕಲೇಬೇಡಿ. 1994ರ ಪ್ರೊಪೋಸಲ್ ಎ ಅನ್ನೋ ತೆರಿಗೆ ತಿದ್ದುಪಡಿ ಪ್ರಕಾರ ಅವರ ಟ್ಯಾಕ್ಸಬಲ್ ವ್ಯಾಲ್ಯೂ ವರ್ಷಕ್ಕೆ ಹಣದುಬ್ಬರದಷ್ಟು ಇಲ್ಲಾ 5 ಪರ್ಸೆಂಟ್, ಯಾವುದು ಕಮ್ಮಿನೋ ಅಷ್ಟೇ ಏರಿರುತ್ತೆ, ಮನೆ ಕೈ ಬದಲಾದ ಮುಂದಿನ ವರ್ಷ ಅದು ಒಂದೇ ಸಲ ಮೇಲಕ್ಕೆ ಜಿಗಿಯುತ್ತೆ.)

ಆ 1,440 ಡಾಲರ್ ನಿಜವಾಗ್ಲೂ ಉಳಿದಿದ್ದಾ? ನಾನು ಇಲ್ಲ ಅಂತೀನಿ. ಅಥವಾ ಉಳಿದಿದ್ದು ತುಂಬ ಕಮ್ಮಿ. ಸಿಟಿಯವರು ಟ್ಯಾಕ್ಸಾಗಿ, ನೀರಿನ ಬಿಲ್ಲಾಗಿ ಕಟ್ಟೋದನ್ನ ನಾವು ಬೇರೆ ಬೇರೆ ಜನಕ್ಕೆ, ಬೇರೆ ಬೇರೆ ಟೈಮಲ್ಲಿ, ಕೆಲವು ಸಲ ಒಟ್ಟಿಗೆ ದೊಡ್ಡ ಮೊತ್ತವಾಗಿ ಕಟ್ತೀವಿ.

ನೀರನ್ನೇ ತಗೊಳ್ಳಿ. ನಮ್ಮದು ಬೋರ್‌ವೆಲ್. ಕರೆಂಟ್ ಹೋದ್ರೆ ನೀರೂ ಹೋಯ್ತು. ಒಂದು ಸಲ ಬಿರುಗಾಳಿಗೆ ಮೂರು ದಿನ ಕರೆಂಟ್ ಇರಲಿಲ್ಲ, ಊರಲ್ಲೂ ಕರೆಂಟ್ ಹೋಗಿತ್ತು, ಆದ್ರೆ ಅವರ ನಲ್ಲಿಯಲ್ಲಿ ನೀರು ಬರ್ತಾನೇ ಇತ್ತು. ನಾವು ಮಳೆ ನೀರು ಹಿಡಿದ ಬಕೆಟ್‌ಗಳನ್ನ ಬಾತ್‌ರೂಮಿಗೆ ಹೊತ್ತಿದ್ದೇ ಹೊತ್ತಿದ್ದು. 1974ರ ಸೇಫ್ ಡ್ರಿಂಕಿಂಗ್ ವಾಟರ್ ಆಕ್ಟ್ ಖಾಸಗಿ ಬಾವಿಗಳಿಗೆ ಅನ್ವಯಿಸಲ್ಲ, ಊರಿನ ನೀರನ್ನ ಟೆಸ್ಟ್ ಮಾಡೋಕೆ ಒಂದು ಇಲಾಖೆ ಇದೆ, ನಮ್ಮ ನೀರಿಗೆ ನಾವೇ ಇಲಾಖೆ. ವರ್ಷಕ್ಕೊಂದು ಸಲ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ನೈಟ್ರೇಟ್ ಎರಡನ್ನಾದ್ರೂ ಟೆಸ್ಟ್ ಮಾಡಿಸ್ಲೇಬೇಕು, ಸುತ್ತ ಜೋಳ, ಸೋಯಾ ಹೊಲ ಇದ್ರೆ ಗೊಬ್ಬರದ ನೈಟ್ರೇಟ್ ಕೆಳಗಿಳಿದಿರಬಹುದು, ಲೀಟರ್‌ಗೆ 10 ಮಿಲಿಗ್ರಾಂ ದಾಟಿದ್ರೆ ಕೈಗೂಸಿಗೆ ಅಪಾಯ, ಮತ್ತೆ ನೀರು ಕುದಿಸಿದ್ರೆ ನೈಟ್ರೇಟ್ ಹೋಗಲ್ಲ, ಇನ್ನೂ ಗಟ್ಟಿ ಆಗುತ್ತೆ. ಸೆಪ್ಟಿಕ್ ಟ್ಯಾಂಕ್ ಕಥೆನೂ ಹಾಗೇ. ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು, ಮರೆತ್ರೆ ಟ್ಯಾಂಕಿನ ನೀರು ಇಂಗೋಕೆ ಹಿತ್ತಲಲ್ಲಿರೋ ಡ್ರೈನ್ ಫೀಲ್ಡೇ ಹಾಳಾಗುತ್ತೆ, ಆಗ ಬರೋ ಖರ್ಚು ಹಲವು ವರ್ಷದ ಟ್ಯಾಕ್ಸ್ ಉಳಿತಾಯನ ಒಂದೇ ಗುಕ್ಕಿಗೆ ನುಂಗುತ್ತೆ. ರಾಜ್ಯ ಮಟ್ಟದ ಸೆಪ್ಟಿಕ್ ಕೋಡ್ ಇಲ್ಲದ ರಾಜ್ಯ ಅಂತಾನೇ ಮಿಷಿಗನ್ ಹೆಸರು ಮಾಡಿದೆ, ಹಾಗಾಗಿ ಮನೆ ತಗೊಳೋವಾಗ ಟ್ಯಾಂಕ್ ಮುಚ್ಚಳ ತೆಗೆಸಿ ನೋಡೋದು ಬಹಳ ಕಡೆ ನಿಮಗೇ ಬಿಟ್ಟಿದ್ದು. ನಾವು ತೆಗೆಸಿರಲಿಲ್ಲ.

ಬೆಂಕಿ ವಿಷಯ ನನ್ನನ್ನ ತುಂಬ ಕಾಡಿದ್ದು. ಹೋದ ವರ್ಷ ಮೂರು ಮನೆ ಆಚೆ ಒಬ್ಬರ ಕೊಟ್ಟಿಗೆಗೆ ಬೆಂಕಿ ಬಿತ್ತು. ನಮ್ಮ ರಸ್ತೆಯಲ್ಲಿ ಹೈಡ್ರಂಟ್ (ಬೆಂಕಿ ಆರಿಸೋಕೆ ನೀರು ತಗೊಳೋ ನಲ್ಲಿ) ಇಲ್ಲ. ಬಂದವರು ಬಹುಪಾಲು ವಾಲಂಟಿಯರ್‌ಗಳು, ಒಬ್ಬರು ಕೆಲಸದ ಯೂನಿಫಾರ್ಮ್ ಮೇಲೇ ಫೈರ್ ಕೋಟ್ ಹಾಕ್ಕೊಂಡಿದ್ರು. ರಸ್ತೆ ಮಧ್ಯೆ ಮಕ್ಕಳ ಈಜುಕೊಳದ ತರ ಒಂದು ಕ್ಯಾನ್ವಾಸ್ ತೊಟ್ಟಿ ಬಿಡಿಸಿಟ್ರು, ಟ್ಯಾಂಕರ್ ಬಂದು ಅದರೊಳಗೆ ದಬದಬ ಅಂತ ನೀರು ಸುರಿದು ಮತ್ತೆ ತುಂಬಿಸ್ಕೊಂಡು ಬರೋಕೆ ಓಡ್ತು, ಅದು ಬರೋದ್ರೊಳಗೆ ಇನ್ನೊಂದು ಟೌನ್‌ಶಿಪ್‌ನ ಟ್ಯಾಂಕರ್ ಬಂತು, ಹೀಗೆ ಸರಪಳಿ ತರ. ಕೊಟ್ಟಿಗೆ ಉಳೀಲಿಲ್ಲ, ಮನೆ ಉಳೀತು. ಅಮೆರಿಕದ ಅಗ್ನಿಶಾಮಕರಲ್ಲಿ ಮೂರರಲ್ಲಿ ಎರಡು ಪಾಲು ಇಂಥ ವಾಲಂಟಿಯರ್‌ಗಳೇ. ಇನ್ಶೂರೆನ್ಸ್‌ನವರು ಬಳಸೋ ಐಎಸ್‌ಒ ಅನ್ನೋ ಅಗ್ನಿ ರಕ್ಷಣೆ ರೇಟಿಂಗ್ 1ರಿಂದ 10ರವರೆಗೆ ಇರುತ್ತೆ, 1 ಚೆನ್ನಾಗಿರೋದು, 10 ಅಂದ್ರೆ ರಕ್ಷಣೆನೇ ಇಲ್ಲ ಅಂತ. ಹೈಡ್ರಂಟ್ 1,000 ಅಡಿ ಒಳಗಿದೆಯಾ, ಸ್ಟೇಷನ್ ರಸ್ತೆ ಲೆಕ್ಕದಲ್ಲಿ 5 ಮೈಲಿ ಒಳಗಿದೆಯಾ ಅನ್ನೋದರ ಮೇಲೆ ನಿಮ್ಮ ಪ್ರೀಮಿಯಂ ಏರಬಹುದು, ಇಳೀಬಹುದು. ಊರಿನ ಒಳಗಿರೋ ಮನೆಗೂ ನಮಗೂ ಈ ವಿಷಯದಲ್ಲಿ ದೊಡ್ಡ ಅಂತರ ಇದೆ, ಅದು ಟ್ಯಾಕ್ಸ್ ಬಿಲ್‌ನಲ್ಲಿ ಕಾಣಲ್ಲ, ಇನ್ಶೂರೆನ್ಸ್ ಬಿಲ್‌ನಲ್ಲಿ ಕಾಣುತ್ತೆ.

ರಸ್ತೆ ಬಗ್ಗೆ ಜಾಸ್ತಿ ಹೇಳಲ್ಲ. 1931ರ ಮೆಕ್‌ನಿಟ್ ಕಾಯ್ದೆ ಮಿಷಿಗನ್ ಟೌನ್‌ಶಿಪ್‌ಗಳ ರಸ್ತೆಗಳನ್ನ ಕೌಂಟಿಗೆ ವರ್ಗ ಮಾಡ್ತು, ಪೆಟ್ರೋಲ್ ತೆರಿಗೆ ಪಾಲು ಹೋಗೋದು ರಾಜ್ಯಕ್ಕೆ, ಕೌಂಟಿ ರೋಡ್ ಏಜೆನ್ಸಿಗೆ, ಸಿಟಿ ಮತ್ತೆ ವಿಲೇಜ್‌ಗಳಿಗೆ. ಟೌನ್‌ಶಿಪ್‌ಗೆ ನೇರವಾಗಿ ಇಲ್ಲ, ಆದ್ರೂ ಜಲ್ಲಿ ಹಾಕಿಸಬೇಕು, ಧೂಳು ಏಳದ ಹಾಗೆ ಉಪ್ಪುನೀರು ಹೊಡೆಸಬೇಕು ಅಂದ್ರೆ ಟೌನ್‌ಶಿಪ್ ಕೈಯಿಂದ ದುಡ್ಡು ಹಾಕುತ್ತೆ. ಚಳಿ ಕರಗೋ ಮಾರ್ಚ್, ಏಪ್ರಿಲ್‌ನಲ್ಲಿ ಭಾರದ ಲಾರಿಗಳಿಗೆ ನಿರ್ಬಂಧ ಇರುತ್ತೆ, ಅದನ್ನ ಫ್ರಾಸ್ಟ್ ಲಾ ಅಂತಾರೆ. ಜಲ್ಲಿ ತರಿಸೋದು, ಕಾಂಕ್ರೀಟ್ ಹಾಕಿಸೋದು ಇದ್ರೆ ಕ್ಯಾಲೆಂಡರ್ ನೋಡ್ಕೊಂಡೇ ಮಾಡಿಸಬೇಕು.

ಇನ್ನು ಡೌನ್‌ಟೌನ್. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಇಟ್ಟಿಗೆ ಕಟ್ಟಡಗಳ ಎರಡು ಬೀದಿ, ಹಾರ್ಡ್‌ವೇರ್ ಅಂಗಡಿ, ಶನಿವಾರದ ರೈತರ ಸಂತೆ, ಜುಲೈ 4ರ ಮೆರವಣಿಗೆ, ಎಲ್ಲಾ ಅಲ್ಲೇ. ಹ್ಯಾಲೋವೀನ್ ದಿನ ನಮ್ಮ ರಸ್ತೆಯಲ್ಲಿ ಮನೆಯಿಂದ ಮನೆಗೆ ಮಕ್ಕಳು ನಡೆಯೋಕಾಗಲ್ಲ, ಎಲ್ಲರೂ ಕಾರಲ್ಲಿ ಊರಿಗೆ ಹೋಗಿ ಊರಿನವರ ಬಾಗಿಲು ತಟ್ತೀವಿ, ಅವರು ಬುಟ್ಟಿಗಟ್ಟಲೆ ಚಾಕ್ಲೇಟ್ ತಂದಿಟ್ಟಿರ್ತಾರೆ. ಮನೆ ತಗೊಂಡಿದ್ದೇ ಈ ಡೌನ್‌ಟೌನ್ ನೋಡಿ. ಆದ್ರೆ ಅದರ ಫುಟ್‌ಪಾತ್, ಬೀದಿ ದೀಪ, ಪಾರ್ಕು, ಹಿಮ ಎತ್ತೋದು, ಪೊಲೀಸ್, ಇದಕ್ಕೆಲ್ಲ ದುಡ್ಡು ಕೊಡೋದು ಬಹುಮಟ್ಟಿಗೆ ಸಿಟಿ ಒಳಗಿನ ಮನೆಗಳು.

"ನಾವು ಅಲ್ಲಿ ಖರ್ಚು ಮಾಡ್ತೀವಲ್ಲ, ಅದೇ ನಮ್ಮ ಪಾಲು" ಅಂತ ಟೌನ್‌ಶಿಪ್‌ನವರು ಹೇಳ್ತಾರೆ, ನಾನೂ ಹೇಳ್ತಿದ್ದೆ. ಅಂಗಡಿಯವರಿಗೆ ಅದು ನಿಜ, ಸುತ್ತಲಿನ ಟೌನ್‌ಶಿಪ್ ಜನ ಬರದಿದ್ರೆ ಅರ್ಧ ಅಂಗಡಿ ಬಾಗಿಲು ಹಾಕ್ತವೆ. ಆದ್ರೆ ಸಿಟಿ ಖಜಾನೆಗೆ? ಮಿಷಿಗನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 6 ಪರ್ಸೆಂಟ್, ಪೂರ್ತಿ ರಾಜ್ಯಕ್ಕೇ ಹೋಗುತ್ತೆ, ಸ್ಥಳೀಯ ಸೇಲ್ಸ್ ಟ್ಯಾಕ್ಸ್ ಅಂತ ಇಲ್ಲವೇ ಇಲ್ಲ. ರಾಜ್ಯ ಅದರಲ್ಲಿ ಸಂವಿಧಾನ ಹೇಳಿದ ಒಂದು ಭಾಗನ ಸಿಟಿ, ವಿಲೇಜ್, ಟೌನ್‌ಶಿಪ್‌ಗಳಿಗೆ ಜನಸಂಖ್ಯೆ ಪ್ರಕಾರ ಹಂಚುತ್ತೆ. ಅಂದ್ರೆ ನಾನು ಡೌನ್‌ಟೌನ್‌ನಲ್ಲಿ ಕುರ್ಚಿ ತಗೊಂಡ್ರೆ ಅದರ ತೆರಿಗೆಯಲ್ಲಿ ಡೌನ್‌ಟೌನ್ ಇಟ್ಕೊಂಡಿರೋ ಸಿಟಿಗೂ, ಒಂದು ಅಂಗಡಿನೂ ಇಲ್ಲದ ನಮ್ಮ ಟೌನ್‌ಶಿಪ್‌ಗೂ ತಲಾ ಲೆಕ್ಕದಲ್ಲಿ ಸಿಗೋದು ಒಂದೇ! ಇದು ಗೊತ್ತಾದ ದಿನ ನನ್ನ ಹಳೇ ವಾದನ ಬಿಟ್ಟುಬಿಟ್ಟೆ.

ಬೇರೆ ರಾಜ್ಯದಲ್ಲಿ ಲೆಕ್ಕ ತಿರುಗಮುರುಗ. ಓಹಿಯೋದಲ್ಲಿ ಟೌನ್‌ಶಿಪ್ ತಾನಾಗಿ ಇನ್‌ಕಮ್ ಟ್ಯಾಕ್ಸ್ ಹಾಕೋ ಹಾಗಿಲ್ಲ, ಸಿಟಿ ಹಾಕಬಹುದು, ಅದೂ ಕೆಲಸ ಮಾಡೋ ಜಾಗದ ಮೇಲೆ. ಟೌನ್‌ಶಿಪ್‌ನಲ್ಲಿ ಮನೆ, ಸಿಟಿಯಲ್ಲಿ ಕೆಲಸ ಇರೋವನು ಸಿಟಿಗೆ ಇನ್‌ಕಮ್ ಟ್ಯಾಕ್ಸ್ ಕಟ್ತಾನೆ, ಆದ್ರೆ ಆ ಸಿಟಿ ಚುನಾವಣೆಯಲ್ಲಿ ಅವನಿಗೆ ವೋಟಿಲ್ಲ. ಅಲ್ಲಿನವರ ಸಿಟ್ಟು ನನಗೆ ಅರ್ಥ ಆಗುತ್ತೆ. ಪೆನ್ಸಿಲ್ವೇನಿಯಾದಲ್ಲಿ ದುಡಿಮೆ ತೆರಿಗೆ ಸಾಮಾನ್ಯವಾಗಿ ಮನೆ ಇರೋ ಜಾಗಕ್ಕೆ ಹೋಗುತ್ತೆ, ಫಿಲಡೆಲ್ಫಿಯಾ ಬಿಟ್ಟು, ಕೆಲಸದ ಜಾಗದ ಊರಿಗೆ ಸಿಗೋ ಲೋಕಲ್ ಸರ್ವಿಸಸ್ ಟ್ಯಾಕ್ಸ್ ಸಾಮಾನ್ಯವಾಗಿ ವರ್ಷಕ್ಕೆ ಹೆಚ್ಚಂದ್ರೆ 52 ಡಾಲರ್. ಜೊತೆಗೆ ಸ್ವಂತ ಪೊಲೀಸ್ ಇಲ್ಲದ ಟೌನ್‌ಶಿಪ್‌ಗಳನ್ನ ರಾಜ್ಯ ಪೊಲೀಸರೇ ನೋಡ್ಕೊಳ್ತಾರೆ, ಪುಟ್ಟ ಊರು ತನ್ನ ಪೊಲೀಸ್ ಖರ್ಚನ್ನ ತಾನೇ ಹೊರುತ್ತೆ. ಒಂದು ಕಡೆ ಟೌನ್‌ಶಿಪ್‌ನವನು ಜಾಸ್ತಿ ಕೊಡ್ತಾನೆ, ಇನ್ನೊಂದು ಕಡೆ ಕಮ್ಮಿ. ಆದ್ರೆ ಕೊಡೋದು, ಬಳಸೋದು, ವೋಟ್ ಹಾಕೋದು, ಈ ಮೂರೂ ಒಂದೇ ಜಾಗದಲ್ಲಿ ಸೇರೋದು ಈ ರಾಜ್ಯಗಳಲ್ಲಿ ಎಲ್ಲೂ ಕಾಣಲ್ಲ.

ಗೆರೆ ಅಳಿಸಿಹಾಕೋ ದಾರಿನೂ ಇದೆ, ಅದೇ ಅನೆಕ್ಸೇಷನ್, ಸಿಟಿ ಟೌನ್‌ಶಿಪ್‌ನ ಜಾಗನ ತನ್ನೊಳಗೆ ಸೇರಿಸ್ಕೊಳ್ಳೋದು. ಸಾಮಾನ್ಯವಾಗಿ ಜಗಳ ಶುರುವಾಗೋದು ನೀರಿನ ಪೈಪಿಂದ: ಹೆದ್ದಾರಿ ಪಕ್ಕ ಹೊಲ ಇರೋವರು ಅಂಗಡಿ ಕಟ್ಟಬೇಕು ಅಂತಾರೆ, ಅದಕ್ಕೆ ನೀರು, ಒಳಚರಂಡಿ ಬೇಕು, ಸಿಟಿ "ನಮ್ಮೊಳಗೆ ಬಂದ್ರೆ ಕೊಡ್ತೀವಿ" ಅನ್ನುತ್ತೆ, ಟೌನ್‌ಶಿಪ್‌ಗೆ ಟ್ಯಾಕ್ಸ್ ಬರೋ ಜಾಗ ಕೈ ತಪ್ಪುತ್ತೆ. ಇದಕ್ಕೆ ಮಿಷಿಗನ್‌ನಲ್ಲಿ 1984ರ 425ನೇ ಕಾಯ್ದೆ ಅಂತ ಒಂದು ಮಧ್ಯದ ದಾರಿ ಇದೆ, ಇಷ್ಟು ವರ್ಷಕ್ಕೆ ಅಂತ ಜಾಗದ ಆಡಳಿತನ ಸಿಟಿಗೆ ಕೊಟ್ಟು ಟ್ಯಾಕ್ಸನ್ನ ಇಬ್ಬರೂ ಹಂಚ್ಕೊಳ್ಳೋದು. ನನಗೆ ಇದು ತುಂಬ ಒಳ್ಳೇ ಸಾಧನ ಅನ್ಸುತ್ತೆ, ಆದ್ರೆ ಎರಡೂ ಬೋರ್ಡ್‌ಗಳು ಒಂದು ಟೇಬಲ್‌ಗೆ ಬಂದು ಕೂತ್ರೆ ತಾನೆ.

ಕೂರದೇ ಇದ್ರೆ ಹೊರಗಿನ ದೊಡ್ಡವರು ಬರ್ತಾರೆ. 2025ರಲ್ಲಿ ಆನ್ ಆರ್ಬರ್ ಹತ್ತಿರದ ಸಲೀನ್ ಟೌನ್‌ಶಿಪ್‌ನಲ್ಲಿ ಆಗಿದ್ದು ನೋಡಿ. ಸಲೀನ್ ಅನ್ನೋ ಚಿಕ್ಕ ಊರಿಗೆ ಅಂಟ್ಕೊಂಡಿರೋ ಕೃಷಿ ಟೌನ್‌ಶಿಪ್, ಅಲ್ಲಿ ಒಂದು ಭಾರೀ ಡೇಟಾ ಸೆಂಟರ್‌ಗೆ ಹೊಲನ ರೀಝೋನ್ ಮಾಡಿ (ಯಾವ ಬಳಕೆಗೆ ಅನ್ನೋ ವರ್ಗ ಬದಲಾಯಿಸಿ) ಅಂತ ಅರ್ಜಿ ಬಂತು, ಬೋರ್ಡ್ ಆಗಲ್ಲ ಅಂತು, ಡೆವಲಪರ್ ಮತ್ತೆ ಜಮೀನಿನವರು ಕೋರ್ಟಿಗೆ ಹೋದ್ರು, ಕೆಲವೇ ವಾರಗಳಲ್ಲಿ ಬೋರ್ಡ್ ರಾಜಿ ಮಾಡ್ಕೊಳ್ತು, ಯೋಜನೆ ಮುಂದೆ ಹೋಯ್ತು. ಅಗತ್ಯ ಇದೆ ಅಂತ ತೋರಿಸಿದ ಯಾವುದೇ ಭೂಬಳಕೆನ ಪೂರ್ತಿಯಾಗಿ ಹೊರಗಿಡೋ ಹಾಗಿಲ್ಲ ಅಂತ ಮಿಷಿಗನ್ ಝೋನಿಂಗ್ ಕಾನೂನಲ್ಲಿ ಒಂದು ಅಂಶ ಇದೆ, ಡೆವಲಪರ್‌ಗಳು ಅದನ್ನೇ ಹಿಡ್ಕೊಂಡು ಬರ್ತಾರೆ. ಒಂದು ಮಿಲ್ ಮೇಲೆ ನಡೆಯೋ ಐದು ಜನರ ಬೋರ್ಡ್ ವರ್ಷಗಟ್ಟಲೆ ವಕೀಲರ ಫೀಸ್ ಕಟ್ಟಿ ಕಾದಾಡೋಕೆ ಆಗುತ್ತಾ? ಟ್ಯಾಕ್ಸ್ ಕಮ್ಮಿ ಅಂತ ನಾವು ಮೆಚ್ಚಿ ಬಂದಿದ್ದೇ ಅಲ್ಲಿ ಕೈ ಕಟ್ಟಿಹಾಕ್ತು ಅನ್ನೋದು ನನ್ನ ಅಭಿಪ್ರಾಯ. ಸೋಲಾರ್ ವಿಷಯದಲ್ಲೂ 2023ರ 233ನೇ ಕಾಯ್ದೆ ಬಂದಮೇಲೆ 50 ಮೆಗಾವ್ಯಾಟ್ ಇಲ್ಲಾ ಅದಕ್ಕಿಂತ ದೊಡ್ಡ ಯೋಜನೆಗಳು ರಾಜ್ಯದ ಆಯೋಗಕ್ಕೇ ಹೋಗಿ ಅನುಮತಿ ಪಡೆಯೋ ದಾರಿ ತೆರ್ಕೊಂಡಿದೆ. ಹಿತ್ತಲ ಆಚೆ ಕಾಣೋ ಹೊಲ ಹಾಗೇ ಇರುತ್ತೆ ಅಂತ ಮನೆ ತಗೊಳೋರು ಆ ಹೊಲದ ಝೋನಿಂಗ್ ಏನು, ಟೌನ್‌ಶಿಪ್‌ನ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗಕ್ಕೆ ಏನು ಬಣ್ಣ ಬಳಿದಿದಾರೆ ಅಂತ ನೋಡಲೇಬೇಕು, ಟೌನ್‌ಶಿಪ್ ಹಾಲ್‌ನಲ್ಲಿ ಕೇಳಿದ್ರೆ ತೋರಿಸ್ತಾರೆ. ಹಾಗೇ ಇಂಟರ್ನೆಟ್ ಕೇಬಲ್ ಮನೆವರೆಗೂ ಬಂದಿದೆಯಾ, ರಸ್ತೆ ತಿರುವಿನವರೆಗೆ ಮಾತ್ರನಾ ಅಂತ ಕೇಳಿ. 2021ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಬ್ರಾಡ್‌ಬ್ಯಾಂಡ್‌ಗೆ 4,245 ಕೋಟಿ ಡಾಲರ್ ಎತ್ತಿಟ್ಟಿದೆ, ಆದ್ರೆ ನಿಮ್ಮ ಮನೆಗೆ ಲೈನ್ ಬಂದಿದೆಯಾ ಅನ್ನೋದಕ್ಕೆ ಪಕ್ಕದ ಮನೆಯವರ ಮಾತೇ ಆಧಾರ.

ಗೆರೆ ಮಾಯ ಆಗೋ ಜಾಗ ಒಂದಿದೆ, ಸ್ಕೂಲ್ ಡಿಸ್ಟ್ರಿಕ್ಟ್. ಅದು ಸಿಟಿ, ಟೌನ್‌ಶಿಪ್ ಗಡಿ ನೋಡಲ್ಲ, ನಮ್ಮ ಮಗಳೂ ಊರಿನ ಮಕ್ಕಳೂ ಒಂದೇ ಬಸ್ಸು, ಒಂದೇ ಬೋರ್ಡ್, ಆ ಬೋರ್ಡ್‌ಗೆ ಎಲ್ಲರದೂ ವೋಟು. ಸ್ಕೂಲ್ ವಿಷಯದಲ್ಲಿ "ನೀವು ಆ ಕಡೆಯವರು" ಅಂತ ಯಾರೂ ನನಗೆ ಹೇಳಿಲ್ಲ. ಲೈಬ್ರರಿ, ಫೈರ್, ಪಾರ್ಕ್ ಇವನ್ನೂ ಇದೇ ತರ ಗೆರೆ ದಾಟೋ ಡಿಸ್ಟ್ರಿಕ್ಟ್ ಅಥವಾ ಜಂಟಿ ಬೋರ್ಡ್ ಮಾಡಿ, ಟೌನ್‌ಶಿಪ್‌ನವರೂ ಮಿಲೇಜ್ ಕಟ್ಟಿ, ಕೂರೋಕೆ ಸೀಟೂ ಪಡೆಯೋದು ಸರಿ ಅಂತ ನನ್ನ ನಂಬಿಕೆ. ಕಾನೂನಲ್ಲಿ ಅವಕಾಶ ಇದೆ, ಕೆಲವು ಕಡೆ ಮಾಡಿದಾರೆ ಕೂಡ.

ನಮ್ಮಲ್ಲಿ ಈಗ ಶುರುವಾಗಿರೋದು ಫೈರ್‌ನಿಂದ. ಮಾರ್ಚ್ ಮೀಟಿಂಗ್‌ಗೆ ಹೋದಾಗ ಹಾಲ್‌ನಲ್ಲಿ ಹನ್ನೊಂದು ಜನ ಇದ್ವಿ, ಬೋರ್ಡ್‌ನವರೂ ಸೇರಿ. ಸಿಟಿ ಮತ್ತೆ ಎರಡು ಟೌನ್‌ಶಿಪ್ ಸೇರಿ ಒಂದೇ ಫೈರ್ ಬೋರ್ಡ್ ಮಾಡೋ ಪ್ರಸ್ತಾಪ ಬಂತು, ಅದಕ್ಕೆ ನಮ್ಮ ಕಡೆಯಿಂದ ಅರ್ಧ ಮಿಲ್ ಜಾಸ್ತಿ ಬೇಕು. ಕೊಟ್ಟಿಗೆ ಸುಟ್ಟವರು ಹಿಂದಿನ ಸಾಲಲ್ಲಿ ಕೂತಿದ್ರು, ಎದ್ದು ನಿಂತು ಟ್ಯಾಂಕರ್ ಎಷ್ಟು ನಿಮಿಷಕ್ಕೆ ಬಂತು, ಎರಡನೇದು ಎಷ್ಟು ನಿಮಿಷಕ್ಕೆ ಬಂತು ಅಂತ ಚೀಟಿ ನೋಡ್ಕೊಂಡು ಓದಿದ್ರು. ಆಗಸ್ಟ್ ಬ್ಯಾಲೆಟ್‌ಗೆ ಹಾಕೋಕೆ ಬೋರ್ಡ್ ಒಪ್ತು. ನಮ್ಮನೆಗೆ ಲೆಕ್ಕ ಹಾಕಿದ್ರೆ ವರ್ಷಕ್ಕೆ 60 ಡಾಲರ್ ಬರುತ್ತೆ. ಈ ವಾರ ನಮ್ಮ ರಸ್ತೆಯ ಹದಿನಾಲ್ಕು ಮನೆಗೂ ಹೋಗಿ ಮಾತಾಡ್ತೀನಿ ಅಂತ ಒಪ್ಕೊಂಡಿದೀನಿ, ಆರು ಮನೆ ಆಗಿದೆ.